ತಾಯ್ತನಕ್ಕೆ ಅಪ್ಪಣೆ ಕೊಡುವವರು ಯಾರು?

ಮೂತ್ರಪಿಂಡ ಕಸಿ ಮಾಡಿಸಿಕೊಂಡ ಹೆಣ್ಣು ಬಸಿರಾಗಲು ಬಯಸುವುದು ದಾನಿಗೆ ಬಗೆವ ದ್ರೋಹ ಎಂಬ ಕಳೆದ ಸಂಚಿಕೆಯ ಲೇಖನದಲ್ಲಿ ಕಾಳಜಿಗಿಂತ ತೀರ್ಪೇ ಜಾಸ್ತಿ.

ಇಂಥ ಬಯಕೆ ಈ ಕಾಲದ ಹುಚ್ಚು ಎನ್ನುತ್ತಾರೆ ಲೇಖಕರು. ಆದರೆ ಅಮೆರಿಕದ ಎಡಿತ್ ಹೆಲ್ಮ್ 1956ರಲ್ಲಿ ಅವಳಿ ಸಹೋದರಿಯಿಂದ ಮೂತ್ರಪಿಂಡ ಪಡೆದು, 1958ರಲ್ಲೇ ತಾಯಿಯಾದರು, 2011ರವರೆಗೆ ಬದುಕಿದರು. ತದ್ರೂಪಿ ಅವಳಿಯ ಅಂಗವಾದ್ದರಿಂದ ಅವರಿಗೆ ಪ್ರತಿರೋಧ ತಗ್ಗಿಸುವ ಔಷಧ ಬೇಕಾಗಲಿಲ್ಲ, ನಿಜ. ಆದರೆ ಆ ಔಷಧ ನುಂಗುತ್ತಲೇ ಆಮೇಲೆ ಸಾವಿರಾರು ಮಹಿಳೆಯರು ಹೆತ್ತಿದ್ದಾರೆ.

ಅಪಾಯವಿಲ್ಲವೆಂದು ಯಾರೂ ಹೇಳುತ್ತಿಲ್ಲ. ರಕ್ತದೊತ್ತಡ ಏರಬಹುದು, ಮಗು ಅವಧಿಗೆ ಮುನ್ನ, ಕಡಿಮೆ ತೂಕದಲ್ಲಿ ಹುಟ್ಟಬಹುದು. ಅದಕ್ಕೆಂದೇ ವೈದ್ಯರು ಕಸಿಯ ಬಳಿಕ ಕನಿಷ್ಠ ಒಂದು ವರ್ಷ ಕಾಯಿಸುತ್ತಾರೆ. ಅಂಗ ಸ್ಥಿರವಾಗಿದೆಯೇ ನೋಡುತ್ತಾರೆ. ಪ್ರತಿರೋಧ ತಗ್ಗಿಸುವ ಔಷಧಗಳಲ್ಲಿ ಭ್ರೂಣಕ್ಕೆ ಹಾನಿ ತರುವ ಮೈಕೋಫಿನೊಲೇಟನ್ನು ಗರ್ಭಧಾರಣೆಗೆ ಕನಿಷ್ಠ ಆರು ವಾರ ಮೊದಲೇ ನಿಲ್ಲಿಸಿ ಬದಲಿಗೆ ಅಜಥಯೋಪ್ರಿನ್ ಕೊಡುತ್ತಾರೆ. ಕಸಿ ಮೂತ್ರಪಿಂಡ ಕಿಬ್ಬೊಟ್ಟೆಯಲ್ಲಿದ್ದರೂ ಅದೊಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಇಷ್ಟೆಲ್ಲ ತಿಳಿದ ಮೇಲೆ ಬೇಡವೆನ್ನುವ ಹಕ್ಕು ಆಕೆಯದು, ಬೇಕೆನ್ನುವ ಹಕ್ಕೂ ಆಕೆಯದೇ.

ಇನ್ನು ದಾನಿಯ ಋಣ. ನಮ್ಮ ದೇಶದಲ್ಲಿ ಬದುಕಿದ್ದಾಗಲೇ ಅಂಗ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಹೆಂಡತಿಯ ಮೂತ್ರಪಿಂಡ ಪಡೆದ ಗಂಡ ಅದನ್ನು ಹೇಗೆ ಬಳಸುತ್ತಾನೆಂಬ ಲೆಕ್ಕವನ್ನು ಲೇಖಕರು ಎಂದಾದರೂ ಕೇಳಿದ್ದಾರೆಯೇ? ಕೊಡುವಾಗ ತ್ಯಾಗಮಯಿ, ಪಡೆದಾಗ ಸಾಲಗಾರ್ತಿ ಎಂಬ ಈ ಕಟ್ಟಳೆ ವೈದ್ಯಶಾಸ್ತ್ರದ್ದಲ್ಲ.