ಮೊದಲ ಅಕ್ಷರ ಗೊತ್ತಿದ್ದರೆ ನಿಘಂಟು ಯಾಕೆ ಬೇಕು?

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ನರಸಿಂಹರಾಜಪುರದ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದರು. "ಈ ಕಡೆ ಬಂದಾಗ ಮನೆಗೆ ಬಂದು ಹೋಗು ಮಾರಾಯ, ಫೋನಿಗೊಂದು ನಿಘಂಟು ಹಾಕಿಕೊಡಬೇಕು" ಅಂದರು. ನಾನು ಕೊಪ್ಪದಲ್ಲಿದ್ದು ಸುದ್ದಿ ಕಳಿಸುವವನು. ಶೃಂಗೇರಿ, ಎನ್.ಆರ್. ಪುರ ಎರಡೂ ನನ್ನ ಬೈಕಿನ ವ್ಯಾಪ್ತಿಗೇ ಬರುತ್ತವೆ. ಮರುದಿನ ತಾಲ್ಲೂಕು ಕಚೇರಿಯ ಕೆಲಸ ಮುಗಿಸಿ ಹೋದೆ. ಮೇಷ್ಟ್ರು ಜಗಲಿಯಲ್ಲಿ ಪೇಪರ್ ಹರಡಿಕೊಂಡು, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಕೂತಿದ್ದರು. ಪದಬಂಧದಲ್ಲಿ ಒಂದೇ ಒಂದು ಪದ ಬಾಕಿ ಇತ್ತು.

ಸುಳಿವು "ಕಪ್ಪೆ", ಮೂರು ಮನೆ. ಮಂಡೂಕ ಅಂತ ಬರೆದು ಅಳಿಸಿದ ಗುರುತು ಕಾಣುತ್ತಿತ್ತು. ಮೇಲಿಂದ ಕೆಳಕ್ಕೆ ಇಳಿಯುವ "ಉರ್ದು" ಬಂದು ನಡುವಿನ ಮನೆಯಲ್ಲಿ "ರ್ದು" ಕೂತುಬಿಟ್ಟಿದ್ದರಿಂದ ಮಂಡೂಕಕ್ಕೆ ಜಾಗವಿರಲಿಲ್ಲ. ನಾನು ಫೋನ್ ತೆಗೆದುಕೊಂಡು ಕೈಗೆ ಸಿಕ್ಕ ಒಂದು ಕನ್ನಡ ನಿಘಂಟಿನ ಆ್ಯಪ್ ಹಾಕಿ, "ತಗೊಳ್ಳಿ ಮೇಷ್ಟ್ರೇ, ಹುಡುಕಿ" ಅಂದೆ.

"ಏನಂತ ಹುಡುಕ್ಲಿ?"

"ಮೊದಲ ಅಕ್ಷರ ಹಾಕಿ, ಪದಗಳ ಪಟ್ಟಿ ಬರುತ್ತೆ."

ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. "ಮೊದಲ ಅಕ್ಷರ ಗೊತ್ತಿದ್ರೆ ನಿನ್ನನ್ನು ಯಾಕೆ ಕರೀತಿದ್ದೆ ಮಾರಾಯ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಘಂಟು ಮಾಡಿದವರ ಹತ್ತಿರವೂ ಇದ್ದ ಹಾಗಿಲ್ಲ. ಈ ಬರಹಕ್ಕೆ ಕಾರಣ ಆ ಪ್ರಶ್ನೆಯೇ.

ನಿಘಂಟುಗಳ ವಿಷಯದಲ್ಲಿ ಕನ್ನಡಕ್ಕೆ ಬಡತನವಿಲ್ಲ. ಕಿಟ್ಟೆಲ್ ಅವರ ನಿಘಂಟು 1894ರಲ್ಲೇ ಮಂಗಳೂರಿನಲ್ಲಿ ಅಚ್ಚಾಯಿತು. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ನಿಘಂಟು ತಂದಿತು. ಅದಕ್ಕಾಗಿ ದಶಕಗಟ್ಟಲೆ ದುಡಿದ ಜಿ. ವೆಂಕಟಸುಬ್ಬಯ್ಯನವರು ನೂರು ದಾಟಿ ಬದುಕಿ 2021ರಲ್ಲಿ ತೀರಿಕೊಂಡರು. ವಿ. ಕೃಷ್ಣ ಅವರು ಒಬ್ಬರೇ ಹತ್ತಾರು ವರ್ಷ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು "ಅಲರ್" 2019ರಿಂದ ಅಂತರ್ಜಾಲದಲ್ಲಿದೆ. ಅದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳಿವೆ. ಯಾರು ಬೇಕಾದರೂ ಇಳಿಸಿಕೊಂಡು ಬಳಸಲಿ ಎಂದು ಅದರ ಕಡತವನ್ನೇ ಮುಕ್ತವಾಗಿ ಬಿಟ್ಟಿದ್ದಾರೆ. ರಾಜ್ಯ ಸರ್ಕಾರದ "ಪದಕಣಜ"ವೂ ಇದೆ.

ಪದಬಂಧ ಆಡುವವರೂ ಕಡಿಮೆಯಿಲ್ಲ. ಕೋಲಾರ ಜಿಲ್ಲೆಯ ಅಬ್ಬಣಿಯಿಂದ ಬಂದ ಅ.ನಾ. ಪ್ರಹ್ಲಾದರಾವ್ ಅವರು ರಚಿಸಿದ ಪದಬಂಧಗಳ ಲೆಕ್ಕ ಲಿಮ್ಕಾ ದಾಖಲೆಗೇ ಹೋಗಿದೆ. ಅಷ್ಟು ರಚನೆಯಾಗಿದೆ ಅಂದರೆ ಬಿಡಿಸುವವರು ಎಷ್ಟಿರಬೇಕು ಯೋಚಿಸಿ. ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಪೇಪರಿನ ಕಟ್ಟು ಬಿಚ್ಚುವಾಗ ಮುಖಪುಟ ನೋಡದೆ ನೇರ ಒಳಪುಟಕ್ಕೆ ಹೋಗುವವರನ್ನು ನಾನೇ ನೋಡಿದ್ದೇನೆ. ಮುಖಪುಟಕ್ಕೆ ಸುದ್ದಿ ಬರೆಯುವವನಿಗೆ ಅದು ಸ್ವಲ್ಪ ಬೇಜಾರಿನ ದೃಶ್ಯ, ಬಿಡಿ.

ಇಷ್ಟೆಲ್ಲ ಇದ್ದರೂ ಈ ಇಬ್ಬರಿಗೆ ಭೇಟಿಯೇ ಆಗಿಲ್ಲ. ಕಾಗದದ ನಿಘಂಟಿಗೆ ಒಂದೇ ಬಾಗಿಲು, ಅದು ಮೊದಲ ಅಕ್ಷರ. ಪುಸ್ತಕಕ್ಕೆ ಬೇರೆ ದಾರಿ ಇಲ್ಲ, ಒಪ್ಪೋಣ. ಆದರೆ ಫೋನಿಗೆ ಆ ಕಟ್ಟುಪಾಡು ಇಲ್ಲವಲ್ಲ. ಪದ ಬಿಡಿಸುವವನಿಗೆ ಗೊತ್ತಿರುವುದು ಎಷ್ಟು ಮನೆ, ಯಾವ ಮನೆಯಲ್ಲಿ ಯಾವ ಅಕ್ಷರ, ಇಷ್ಟೇ. "ಮೂರು ಮನೆ, ನಡುವೆ ರ್ದು" ಅಂತ ಕೇಳಿದರೆ ಉತ್ತರ ಕೊಡುವ ಕನ್ನಡ ಆ್ಯಪ್ ಆ ದಿನ ನಾನು ತಡಕಾಡಿದ್ದರಲ್ಲಿ ಒಂದೂ ಸಿಗಲಿಲ್ಲ.

ಇದು ಬರೀ ಸೋಮಾರಿತನವಲ್ಲ, ಅದರ ಹಿಂದೆ ಒಂದು ತೊಡಕಿದೆ. ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ಅಕ್ಷರ, ಕಂಪ್ಯೂಟರಿಗೂ ಅದು ಒಂದೇ. ನಮ್ಮಲ್ಲಿ ಹಾಗಲ್ಲ. ಕಂಪ್ಯೂಟರು ಕನ್ನಡವನ್ನು ಯೂನಿಕೋಡ್ ಎಂಬ ಪದ್ಧತಿಯಲ್ಲಿ ಬಿಡಿಬಿಡಿಯಾಗಿ ಇಟ್ಟುಕೊಳ್ಳುತ್ತದೆ: ಮೂಲ ಅಕ್ಷರ ಬೇರೆ, ಗುಣಿತದ ಚಿಹ್ನೆ ಬೇರೆ, ಒತ್ತು ಮಾಡಲು ಬೇಕಾದ ಅರ್ಧಾಕ್ಷರದ ಗುರುತು ಬೇರೆ. ನಮ್ಮ ಊರುಗಳನ್ನೇ ನೋಡಿ. "ಕೊಪ್ಪ" ನಮಗೆ ಎರಡು ಮನೆ, ಕಂಪ್ಯೂಟರಿಗೆ 5 ಚಿಹ್ನೆ. "ಶೃಂಗೇರಿ" ನಮಗೆ ಮೂರು, ಅದಕ್ಕೆ 7. "ನರಸಿಂಹರಾಜಪುರ" ನಮಗೆ ಎಂಟು, ಅದಕ್ಕೆ 12. ಹಾಗಾಗಿ ಬೇರೆ ದೇಶದಲ್ಲಿ ಮಾಡಿದ ಪದ ಹುಡುಕುವ ಸಾಫ್ಟ್‌ವೇರನ್ನು ತಂದು ಕನ್ನಡಕ್ಕೆ ಹಚ್ಚಿದರೆ ಅದು "ಮೂರು ಅಕ್ಷರ" ಎಂದಾಗ ಮೂರು ಚಿಹ್ನೆ ಎಣಿಸುತ್ತದೆ. ಒಂದನೇ ಕ್ಲಾಸಿನ ಮಗು ಎಣಿಸುವ ಹಾಗೆ ಎಣಿಸಲು ಅದಕ್ಕೆ ಯಾರೂ ಕಲಿಸಿಲ್ಲ. ಕಲಿಸುವುದು ಕಷ್ಟವೇನಲ್ಲ. ಯಾವ ಚಿಹ್ನೆ ಹಿಂದಿನದಕ್ಕೆ ಅಂಟಿಕೊಳ್ಳುತ್ತದೆ ಎಂಬ ನಿಯಮ ಬರೆದರೆ ಆಯಿತು.

ಬರೆಯುವ ಕಷ್ಟ ಇನ್ನೊಂದು. ಮೇಷ್ಟ್ರು "ರ್ದು" ಟೈಪ್ ಮಾಡಲು ಹೋಗಿ ಮೊದಲು "ದು" ಒತ್ತಿದರು. ಕೈಬರಹದಲ್ಲಿ ಅರ್ಕಾವೊತ್ತು ಕೊನೆಗೆ ಬರುತ್ತದಲ್ಲ, ಅದನ್ನು ಕೀಬೋರ್ಡಿನಲ್ಲಿ ಹುಡುಕಿದರು. ಸಿಗಲಿಲ್ಲ. ಕನ್ನಡದ ಒಂಬತ್ತು ಅಂಕಿ ಅದೇ ಥರ ಕಾಣುತ್ತದೆ ಅಂತ ಅದನ್ನೇ ಪಕ್ಕದಲ್ಲಿ ಕೂರಿಸಿದರು. ಕಣ್ಣಿಗೆ ಸರಿಯಾಗಿದೆ, ಫೋನಿಗೆ ಅರ್ಥವಾಗುವುದಿಲ್ಲ. ನಿಮ್ಮ ಮನೆಯ ಹಿರಿಯರಿಗೆ ಇದೊಂದನ್ನು ಮೊದಲು ಹೇಳಿಕೊಡಿ: ರ ಒತ್ತಿ, ಅರ್ಧಾಕ್ಷರದ ಗುರುತು ಒತ್ತಿ, ಆಮೇಲೆ ದ, ಆಮೇಲೆ ಕೊಂಬು. ಬಾಯಲ್ಲಿ ಹೇಳುವ ಕ್ರಮದಲ್ಲೇ ಬೆರಳೂ ಹೋಗಬೇಕು.

ಸದ್ಯಕ್ಕೆ ಇರುವುದರಲ್ಲೇ ಏನು ಮಾಡಬಹುದು, ನಾನು ಮಾಡಿದ್ದನ್ನು ಹೇಳುತ್ತೇನೆ. ಫೋನಿನ ಬ್ರೌಸರಿನಲ್ಲಿ ಅಲರ್ ಡಾಟ್ ಇಂಕ್ ತೆರೆದು, ಮೂಲೆಯ ಮೂರು ಚುಕ್ಕಿ ಒತ್ತಿ, ಹೋಮ್ ಸ್ಕ್ರೀನಿಗೆ ಸೇರಿಸಿ. ಆ್ಯಪಿನ ಹಾಗೆ ಕೂರುತ್ತದೆ, ಜಾಗ ತಿನ್ನುವುದಿಲ್ಲ. ಉಚ್ಚಾರಣೆ ನೋಡಿ ಹುಡುಕುವುದರಿಂದ ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೂ ಹತ್ತಿರದ ಪದ ತೋರಿಸುತ್ತದೆ. ಆದರೆ ಅದಕ್ಕೆ ನೆಟ್‌ವರ್ಕ್ ಬೇಕು. ಆಷಾಢದಲ್ಲಿ ಕರೆಂಟ್ ಹೋಗಿ ಟವರಿನ ಬ್ಯಾಟರಿಯೂ ಮುಗಿದ ಮೇಲೆ ನಮ್ಮ ಕಡೆ ಫೋನ್ ಬರೀ ಟಾರ್ಚು. ಪದಬಂಧಕ್ಕೆ ಪುರುಸೊತ್ತು ಸಿಗುವುದೂ ಆಗಲೇ.

ನೆಟ್ ಇಲ್ಲದೆ ನಡೆಯಬೇಕಾದರೆ ಸ್ಟಾರ್‌ಡಿಕ್ಟ್ ಎಂಬ ರೂಪದ ಕಡತಗಳಿವೆ. ಇಂಡಿಕ್-ಡಿಕ್ಟ್ ಎಂಬ ಹೆಸರಿನಲ್ಲಿ ಸ್ವಯಂಸೇವಕರು ಕನ್ನಡದವನ್ನೂ ಸಂಗ್ರಹಿಸಿ ಇಟ್ಟಿದ್ದಾರೆ. ಇಳಿಸಿಕೊಂಡು ಬಿಚ್ಚಿದರೆ ಒಂದೊಂದು ನಿಘಂಟಿಗೂ ಕಡೇಪಕ್ಷ ಮೂರು ಕಡತ ಸಿಗುತ್ತವೆ. ಮೂರೂ ಒಂದೇ ಫೋಲ್ಡರಿನಲ್ಲಿರಬೇಕು. ಒಂದನ್ನು ಬಿಟ್ಟು ಇನ್ನೆರಡನ್ನು ಫೋನಿಗೆ ಹಾಕಿ "ಓಪನ್ ಆಗ್ತಿಲ್ಲ" ಅಂತ ನಾನೇ ಅರ್ಧ ದಿನ ಒದ್ದಾಡಿದ್ದೇನೆ. ಇವನ್ನು ಓದುವ ಆ್ಯಪ್‌ಗಳು ಫೋನಿಗೂ ಸಿಗುತ್ತವೆ. ಒಂದು ಎಚ್ಚರಿಕೆ: ಯಾವುದೇ ನಿಘಂಟಿನ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ಸ್, ಕ್ಯಾಮೆರಾ, ಲೊಕೇಶನ್ ಕೇಳಿದರೆ ಬೇಡ ಅನ್ನಿ. ಕಪ್ಪೆಯ ಅರ್ಥ ಹೇಳಲು ಅದಕ್ಕೆ ನಿಮ್ಮ ಬೀಗರ ನಂಬರ್ ಬೇಕಾಗಿಲ್ಲ.

ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಇದ್ದರೆ ಇನ್ನೂ ಒಳ್ಳೆಯದು. ಗೋಲ್ಡನ್‌ಡಿಕ್ಟ್ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಅದೇ ಕಡತಗಳನ್ನು ಓದುತ್ತದೆ. ಅದರಲ್ಲಿ ಗೊತ್ತಿಲ್ಲದ ಜಾಗಕ್ಕೆ ನಕ್ಷತ್ರದ ಗುರುತು ಹಾಕಬಹುದು. ಮೇಷ್ಟ್ರ ಪೇಪರಿನ ಫೋಟೋ ತೆಗೆದುಕೊಂಡು ಬಂದವನು ರಾತ್ರಿ ನಕ್ಷತ್ರ, ರ್ದು, ನಕ್ಷತ್ರ ಎಂದು ಹಾಕಿ ನೋಡಿದೆ. ಉದ್ದದ ಪಟ್ಟಿ ಬಂತು. ಎಷ್ಟು ಮನೆ ಎಂಬುದನ್ನು ಅದು ಎಣಿಸುವುದಿಲ್ಲ, ನಾನೇ ಬೆರಳಿಟ್ಟು ಎಣಿಸುತ್ತಾ ಹೋದೆ. ದರ್ದುರ. ಕಪ್ಪೆ. ಫೋನ್ ಮಾಡಿ ಹೇಳಿದೆ. "ಓದಿದ್ದೆ ಮಾರಾಯ, ಓದಿದ್ದೆ, ಬಾಯಿಗೆ ಬರ್ಲಿಲ್ಲ" ಅಂದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಲವತ್ತು ವರ್ಷ ಕನ್ನಡ ಪಾಠ ಮಾಡಿದವರಿಗೆ ಪದ ಬಾಯಿಗೆ ಬಾರದಿರುವುದು ಆಟದ ಸೋಲಷ್ಟೇ ಅಲ್ಲ ಅನ್ನುವುದು ನನಗೆ ಆಗ ಗೊತ್ತಾಯಿತು.

ನಿಘಂಟು ನೋಡಿ ಬಿಡಿಸಿದರೆ ಮೋಸವಲ್ಲವಾ ಅಂತ ಕೇಳುವವರಿದ್ದಾರೆ. ಬಹುಮಾನದ ಪದಬಂಧವಾದರೆ ನಿಯಮ ನೋಡಿಕೊಳ್ಳಿ. ಜಗಲಿಯಲ್ಲಿ ಕೂತು ಆಡುವುದಕ್ಕೆ ಅದೆಲ್ಲ ಯಾಕೆ?

ನಾನು ಕೇಳುವುದು ದೊಡ್ಡದೇನಲ್ಲ. ಸರ್ಕಾರದ ದುಡ್ಡಿನಲ್ಲಿ ನಡೆಯುವ ನಿಘಂಟಿನ ತಾಣಕ್ಕೆ ಎರಡು ಖಾನೆ ಸೇರಿಸಲಿ: ಎಷ್ಟು ಅಕ್ಷರ, ಯಾವ ಜಾಗದಲ್ಲಿ ಯಾವುದು. ಇಡೀ ಪದಪಟ್ಟಿಯನ್ನು ನೆಟ್ ಇಲ್ಲದೆ ಬಳಸಲು ಇಳಿಸಿಕೊಳ್ಳುವಂತೆ ಮಾಡಲಿ. ಅಷ್ಟರಲ್ಲಿ, ದೀಪಾವಳಿಗೆ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹೊತ್ತು ಬರುವ ನಮ್ಮೂರ ಹುಡುಗ ಹುಡುಗಿಯರು ಕೂಡ ಇದನ್ನು ಮಾಡಬಹುದು. ಅಲರ್‌ನ ಕಡತ ಮುಕ್ತವಾಗಿದೆ. ಅಕ್ಷರ ಎಣಿಸುವ ನಿಯಮ ಬರೆಯುವುದು ಅವರಿಗೆ ರಜೆಯ ಒಂದೆರಡು ದಿನದ ಕೆಲಸ.

ಇನ್ನೊಂದು ಕೆಲಸ ಮಾತ್ರ ನಾವೇ ಮಾಡಬೇಕಾದದ್ದು. ಕುವೆಂಪು ಹುಟ್ಟಿದ ಹಿರೇಕೊಡಿಗೆ ಇದೇ ಕೊಪ್ಪ ತಾಲ್ಲೂಕಿನಲ್ಲಿದೆ. ಅವರ ಕಾದಂಬರಿಗಳಿಂದ ಮಲೆನಾಡಿನ ಎಷ್ಟೋ ಪದ ಪುಸ್ತಕ ಸೇರಿದವು. ಎಲ್ಲವೂ ಸೇರಲಿಲ್ಲ. ನಮ್ಮ ಮಕ್ಕಳಿಗೆ ದಣಪೆ, ಉಣುಗೋಲು, ಗೊರಬು ತೋರಿಸೋಣ ಅಂದರೆ ವಸ್ತುವೂ ಇಲ್ಲ, ಫೋನಿನಲ್ಲಿ ಪದವೂ ಸುಲಭಕ್ಕೆ ಸಿಗುವುದಿಲ್ಲ.

ಮೇಷ್ಟ್ರಿಗೆ ಇದನ್ನು ಹೇಳಿದ್ದೇ ತಪ್ಪಾಯಿತು. ಹಳೇ ಡೈರಿಯೊಂದನ್ನು ತೆಗೆದು ಎರಡು ಮನೆ, ಮೂರು ಮನೆ, ನಾಲ್ಕು ಮನೆ ಅಂತ ಪುಟ ವಿಂಗಡಿಸಿ ಬರೆಯಲು ಶುರು ಮಾಡಿದ್ದಾರೆ. ಸಂಕ, ದಂಬೆ, ಬ್ಯಾಣ ಎರಡು ಮನೆಗೆ. ಹಕ್ಕಲು ಮೂರಕ್ಕೆ. ಸೊಪ್ಪಿನಬೆಟ್ಟ ಐದಕ್ಕೆ. ಟೈಪ್ ಮಾಡುವ ಕೆಲಸ ನನಗೆ ಬಂದಿದೆ. ಮೂರು ಮನೆಯ ಪುಟದಲ್ಲಿದ್ದೇನೆ. ವಾರಕ್ಕೊಮ್ಮೆ ಫೋನ್ ಬರುತ್ತದೆ, "ಎಲ್ಲಿಗೆ ಬಂತು ಮಾರಾಯ?"