ಸೋಮಾರಿ ಎನ್ನುವ ಮೊದಲು



ಆಟದ ಅವಧಿಯಲ್ಲಿ ನಾಲ್ಕು ಹೆಜ್ಜೆ ಓಡಿ ಕುಳಿತುಬಿಡುವ ಗೆಳೆಯನೋ ಗೆಳತಿಯೋ ನಿಮ್ಮ ತರಗತಿಯಲ್ಲೂ ಇರಬಹುದು. ‘ಸೋಮಾರಿ’ ಎಂದು ನೀವು ನಗುತ್ತೀರಿ. ಶಿಕ್ಷಕರೂ ಹಾಗೆ ಕರೆಯುವುದುಂಟು, ನಾನೂ ಕರೆದಿದ್ದೇನೆ. ತೊಂದರೆ ಹೃದಯದಲ್ಲೇ ಇದ್ದರೆ?

ಹುಟ್ಟುವ 1000 ಮಕ್ಕಳಲ್ಲಿ ಸುಮಾರು 8-9 ಮಕ್ಕಳಿಗೆ ಹೃದಯದ ರಚನೆಯಲ್ಲಿ ದೋಷವಿರುತ್ತದೆ. ಕೆಲವು ತಾವಾಗಿಯೇ ಸರಿಹೋಗುತ್ತವೆ. ಕೆಲವು ಅಪರೂಪ, ಅಪಾಯಕರ. ಒಂದನ್ನು ನೋಡೋಣ. ಹೃದಯದ ಸ್ನಾಯುವಿಗೂ ರಕ್ತ ಬೇಕಲ್ಲವೇ? ಅದನ್ನು ಒದಗಿಸುವ ಕೊರೊನರಿ ಅಪಧಮನಿಗಳು ಮಹಾಪಧಮನಿಯಿಂದ ಹೊರಡುತ್ತವೆ. ಸುಮಾರು 3 ಲಕ್ಷ ಶಿಶುಗಳಲ್ಲಿ ಒಂದಕ್ಕೆ ಎಡಗಡೆಯದು ದಾರಿ ತಪ್ಪಿ, ಶ್ವಾಸಕೋಶಕ್ಕೆ ಹೋಗುವ ಪುಪ್ಪುಸ ಅಪಧಮನಿಗೆ ಸೇರಿಕೊಂಡಿರುತ್ತದೆ. ಹೃದಯದ ಸ್ನಾಯುವಿಗೆ ಸಾಕಷ್ಟು ಆಮ್ಲಜನಕ ಸಿಗದೆ ಅದು ಸೊರಗುತ್ತದೆ. ಕೂಸು ಹಾಲು ಕುಡಿಯುವಾಗಲೇ ಬೆವರುತ್ತದೆ, ಏದುಸಿರು ಬಿಡುತ್ತದೆ, ಅಳುತ್ತದೆ. ಮನೆಯವರು ಹೊಟ್ಟೆನೋವು ಎಂದುಕೊಳ್ಳಬಹುದು.

ಎದೆ ಕೊಯ್ಯದೆ ಇದನ್ನು ನೋಡುವುದು ಹೇಗೆ? ಬಾವಿಗೆ ಬಗ್ಗಿ ‘ಓ’ ಎಂದು ಕೂಗಿದರೆ ದನಿ ಮರಳಿ ಬರುತ್ತದೆ. ಎಕೋ ಯಂತ್ರವೂ ಹೀಗೆಯೇ ಕೂಗುತ್ತದೆ. ಆದರೆ ಅದರ ದನಿ 20,000 ಹರ್ಟ್ಸ್‌ಗಿಂತ ಬಹಳ ಮೇಲಿನದು, ನಮ್ಮ ಕಿವಿಗೆ ಕೇಳಿಸದು. ಹೃದಯದ ಗೋಡೆ, ಕವಾಟಗಳಿಗೆ ತಾಗಿ ಮರಳಿದ ಪ್ರತಿಧ್ವನಿಯೇ ಪರದೆಯ ಮೇಲೆ ಚಿತ್ರವಾಗುತ್ತದೆ. 1953ರಲ್ಲಿ ಸ್ವೀಡನ್ನಿನ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಇದನ್ನು ಮೊದಲು ಮಾಡಿದ್ದು ಯಾವುದರಿಂದ ಗೊತ್ತೇ? ಹಡಗು ಕಟ್ಟುವಲ್ಲಿ ಲೋಹದ ಬಿರುಕು ಹುಡುಕುವ ಯಂತ್ರದಿಂದ! (ಆವೃತ್ತಿಯ ಏಕಮಾನಕ್ಕೆ ಹೆಸರಾದ ಹೆನ್ರಿಚ್ ಹರ್ಟ್ಸ್ ಇವರ ತಂದೆಯ ದೊಡ್ಡಪ್ಪ.)

ಈಗಿನ ಯಂತ್ರಗಳು ರಕ್ತ ಹರಿಯುವ ದಿಕ್ಕನ್ನೂ ಕೆಂಪು, ನೀಲಿ ಬಣ್ಣಗಳಲ್ಲಿ ತೋರಿಸುತ್ತವೆ. ನಾನು ಹೇಳಿದ ದೋಷದಲ್ಲಿ ಎಡ ಕೊರೊನರಿಯ ರಕ್ತ ಹಿಮ್ಮುಖವಾಗಿ ಹರಿಯುವುದು ಕಾಣುತ್ತದೆ. ಆದರೆ ಹುಡುಕಿದರೆ ಮಾತ್ರ! ‘ಹೃದಯ ಹಿಗ್ಗಿದೆ’ ಎಂದು ಅಷ್ಟಕ್ಕೇ ನಿಲ್ಲಿಸಿದರೆ ಕಾರಣ ತಪ್ಪಿಹೋಗುತ್ತದೆ. ಸಿಕ್ಕರೆ ಶಸ್ತ್ರಚಿಕಿತ್ಸೆಯಿಂದ ನಾಳವನ್ನು ಮಹಾಪಧಮನಿಗೆ ಜೋಡಿಸಬಹುದು. ಸ್ನಾಯು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಆದ್ದರಿಂದ ಜಿಲ್ಲೆಗಳಿಗೆ ಯಂತ್ರ ಕೊಟ್ಟರಷ್ಟೇ ಸಾಲದು, ಮಕ್ಕಳ ಹೃದಯ ನೋಡಲು ತರಬೇತಾದ ಕಣ್ಣುಗಳೂ ಬೇಕೆಂಬುದು ನನ್ನ ಅಭಿಪ್ರಾಯ.

ಹಾಗೆಂದು ಎಲ್ಲ ಮಕ್ಕಳಿಗೂ ಎಕೋ ಬೇಕಿಲ್ಲ. ಮೊದಲು ಸ್ಟೆತೊಸ್ಕೋಪ್ ಸಾಕು. ಸರ್ಕಾರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾಯಿತು. ಅದರ ತಂಡ ನಿಮ್ಮ ಶಾಲೆಗೆ ಬಂದಾಗ, ಬೇಗ ದಣಿವಾಗುವುದನ್ನು, ಎದೆ ಹೊಡೆದುಕೊಳ್ಳುವುದನ್ನು ನಾಚದೆ ಹೇಳಿ. ಎಕೋ ಬೇಕೆಂದರೂ ಹೆದರಬೇಡಿ. ಸೂಜಿಯಿಲ್ಲ, ಕ್ಷ-ಕಿರಣವಿಲ್ಲ. ಎದೆಗೆ ಹಚ್ಚುವ ಜೆಲ್ ಸ್ವಲ್ಪ ತಣ್ಣಗಿರುತ್ತದೆ, ಅಷ್ಟೆ.