ಸಾಲಬಾಧೆ ಎಂದು ಬರೆದು ಮುಗಿಸುವ ಸಾವುಗಳು

'ಸಾಲಬಾಧೆ ತಾಳಲಾರದೆ ಆತ್ಮಹತ್ಯೆ', 'ಜೀವನದಲ್ಲಿ ಜಿಗುಪ್ಸೆಗೊಂಡು ಆತ್ಮಹತ್ಯೆ'. ನಮ್ಮ ಪತ್ರಿಕೆಗಳು ದಶಕಗಳಿಂದ ಬಳಸುತ್ತಿರುವ ಸಿದ್ಧ ವಾಕ್ಯಗಳಿವು. ಓದುತ್ತೇವೆ, 'ಅಯ್ಯೋ ಪಾಪ' ಎನ್ನುತ್ತೇವೆ, ಪುಟ ತಿರುವುತ್ತೇವೆ. ಆ ಸಾಲ ಬೆಳೆದದ್ದಾದರೂ ಹೇಗೆ ಎಂದು ಕೇಳುವುದಿಲ್ಲ.

ದಾವಣಗೆರೆಯ ಮಂಡಿಪೇಟೆಯಂಥ ವ್ಯಾಪಾರದ ಜಾಗದಲ್ಲಿ ಈ ಪ್ರಶ್ನೆಯನ್ನು ಕೇಳಲೇಬೇಕು. ಬೈಪೋಲಾರ್ ಎಂಬ ಮನೋರೋಗದಲ್ಲಿ ಉನ್ಮಾದವೂ ಖಿನ್ನತೆಯೂ ಬಂದು ಹೋಗುತ್ತಿರುತ್ತವೆ. ಉನ್ಮಾದದ ದಿನಗಳಲ್ಲಿ ನಿದ್ದೆ ಬೇಡ, ದಣಿವಿಲ್ಲ, ಅಂಜಿಕೆಯಿಲ್ಲ. ಬೇಡದ ಸರಕು ಕೊಳ್ಳುವುದು, ಕೈಸಾಲ ಎತ್ತುವುದು, ಕೇಳಿದವರಿಗೆಲ್ಲ ಉದ್ರಿ ಕೊಡುವುದು. 'ಗಟ್ಟಿ ಗುಂಡಿಗೆಯವನು' ಎಂದು ಪೇಟೆ ಹೊಗಳುತ್ತದೆ. ಮುಂದೆ ಖಿನ್ನತೆ ಕವಿದು ಹಾಸಿಗೆ ಹಿಡಿದಾಗ ಅದೇ ಪೇಟೆ 'ಸೋಮಾರಿ' ಎನ್ನುತ್ತದೆ. ಸಾಲ ಕೊಟ್ಟವರು ಬಾಗಿಲಲ್ಲಿ ನಿಲ್ಲುತ್ತಾರೆ. ಸಾಲದಿಂದ ಸತ್ತವರೆಲ್ಲ ಈ ರೋಗಿಗಳೇ ಎಂದಲ್ಲ. ಆದರೆ ರೋಗವೇ ಮಾಡಿಸಿದ ಸಾಲವನ್ನು ನಾವು ರೋಗಿಯ ನಡತೆಯ ಲೆಕ್ಕಕ್ಕೆ ಬರೆಯುತ್ತಿದ್ದೇವಲ್ಲ, ಇದು ಯಾವ ನ್ಯಾಯ?

ಬೈಪೋಲಾರ್ ಇರುವವರಲ್ಲಿ ಆತ್ಮಹತ್ಯೆಯ ಅಪಾಯ ಇತರರಿಗಿಂತ ಹಲವು ಪಟ್ಟು ಹೆಚ್ಚು. ಅದು ಯಾವಾಗ ಹೆಚ್ಚುತ್ತದೆ ಎಂಬುದೂ ಗೊತ್ತಿರುವ ಸಂಗತಿಯೇ: ಖಿನ್ನತೆಯ ದಿನಗಳಲ್ಲಿ, ಹತಾಶೆಯೂ ಉನ್ಮಾದದ ಚಡಪಡಿಕೆಯೂ ಒಟ್ಟಿಗೆ ಸೇರಿದಾಗ, ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳಲ್ಲಿ, ಹಿಂದೆ ಒಮ್ಮೆ ಯತ್ನಿಸಿದ್ದರೆ, ಕುಡಿತ ಸೇರಿಕೊಂಡರೆ, ಮಾತ್ರೆ ಥಟ್ಟನೆ ನಿಲ್ಲಿಸಿದರೆ. ಲಿಥಿಯಂ ಎಂಬ ಅಗ್ಗದ ಔಷಧಿಯ ಉಪಯೋಗ 1949ರಿಂದಲೇ ತಿಳಿದಿದೆ. ಆತ್ಮಹತ್ಯೆಯ ಅಪಾಯವನ್ನೂ ಅದು ತಗ್ಗಿಸುತ್ತದೆಂದು ಅನೇಕ ಅಧ್ಯಯನಗಳು ಹೇಳಿವೆ. ಆದರೂ 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಈ ರೋಗವಿದ್ದ ಸುಮಾರು 70 ಶೇಕಡಾ ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಇದಕ್ಕೆ ಸರಕಾರ ಮಾತ್ರ ಹೊಣೆಯೆ? 'ಮದುವೆ ಮಾಡಿದರೆ ಸರಿಹೋಗುತ್ತದೆ' ಎಂದು ಹೆಣ್ಣುಮಗಳ ಮದುವೆ ಮಾಡಿ, ಅತ್ತೆಮನೆಗೆ ತಿಳಿಯಬಾರದೆಂದು ಮಾತ್ರೆ ಬಿಡಿಸುವವರು ಯಾರು? ನಾವೇ. ರೋಗಿಯನ್ನು 'ಈಮಾನ್ ಇಲ್ಲದವನು' ಎಂದು ಹೀಯಾಳಿಸುವವರು ಯಾರು? ನಾವೇ. ಆತ್ಮಹತ್ಯೆ ಮಹಾಪಾಪವೆಂದು ಬೋಧಿಸುವ ನಾವು, ಆ ಅಂಚಿಗೆ ಬಂದವನ ಕೈ ಹಿಡಿಯುವುದೂ ಧರ್ಮವೆಂಬುದನ್ನು ಮರೆತಿದ್ದೇವೆ. ಸಕ್ಕರೆ ಕಾಯಿಲೆಯವರಿಗೆ ದುಆದ ಜೊತೆ ಇನ್ಸುಲಿನ್ ಬೇಕು ಎಂದು ಒಪ್ಪುವವರು ಇಲ್ಲಿ ಮಾತ್ರ ತಾಯತವೊಂದೇ ಸಾಕೆನ್ನುವುದೇಕೆ? ರಮಝಾನ್‌ನಲ್ಲಿ ಉಪವಾಸದಿಂದ ಮೈಯ ನೀರಿನಂಶ ಕುಗ್ಗಿದರೆ ರಕ್ತದಲ್ಲಿ ಲಿಥಿಯಂ ಪ್ರಮಾಣ ಏರಿ ವಿಷವಾಗಬಹುದು. ರೋಗಿಗೆ ಉಪವಾಸದಿಂದ ವಿನಾಯಿತಿ ಕೊಟ್ಟಿರುವ ಧರ್ಮ ನಮ್ಮದು. ಉಪವಾಸ ಹಿಡಿಯಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಬೇಕು. ಮಾತ್ರೆಯನ್ನು ತಾನಾಗಿ ನಿಲ್ಲಿಸಬಾರದು. ಇದನ್ನು ಮಸೀದಿಯ ಮಿಂಬರ್‌ನಿಂದಲೇ ಹೇಳಲಿ.

ಕಾನೂನು ನಮಗಿಂತ ಮುಂದೆ ಹೋಗಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರಕಾರದ ಕರ್ತವ್ಯ ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ಸರಕಾರವೂ ಇದನ್ನು ಕಾಗದದಲ್ಲಿ ಉಳಿಸದೆ, ಮಾತ್ರೆಗಳು ತಾಲೂಕು ಆಸ್ಪತ್ರೆಯಲ್ಲಿ ತಪ್ಪದೆ ಸಿಗುವಂತೆ ಮಾಡಲಿ.

ನಮ್ಮ ಪಾಲಿನ ಕೆಲಸ ದೊಡ್ಡದೇನಲ್ಲ. 'ಸಾಯುವ ಯೋಚನೆ ಬರುತ್ತಿದೆಯೇ?' ಎಂದು ನೇರವಾಗಿ ಕೇಳೋಣ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು. ಮನೆಯಲ್ಲಿರುವ ಕ್ರಿಮಿನಾಶಕ, ಹೆಚ್ಚುವರಿ ಮಾತ್ರೆಗಳನ್ನು ಕೈಗೆ ಸಿಗದಂತೆ ಇಡೋಣ. ಜಿಲ್ಲಾ ಆಸ್ಪತ್ರೆಗೆ ಜೊತೆಯಲ್ಲಿ ಹೋಗೋಣ. 14416ಕ್ಕೆ ಕರೆ ಮಾಡಿದರೆ ಹಗಲಿರುಳೂ ಕನ್ನಡದಲ್ಲೇ ಉಚಿತ ನೆರವು ಸಿಗುತ್ತದೆ. ಬಾಕಿ ವಸೂಲಿಗೆ ಹೋಗುವವರು ಆ ಮನುಷ್ಯ ಹೇಗಿದ್ದಾನೆಂದು ಮೊದಲು ವಿಚಾರಿಸಲಿ. ಸಾಲವನ್ನು ಕಂತಿನಲ್ಲಿ ತೀರಿಸಬಹುದು, ಹೋದ ಜೀವವನ್ನು ಯಾವ ಕಂತಿನಲ್ಲಿ ತರುತ್ತೀರಿ?